ಲ್ಯಾಪ್‌ಟಾಪ್ ಹಾಳಾಗಿಲ್ಲ, ವೆಬ್‌ಸೈಟ್‌ಗಳು ಭಾರ ಆಗಿವೆ

ಕಳೆದ ಮಳೆಗಾಲದಲ್ಲಿ ಸಾಗರಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಡಿಗ್ರಿ ಎರಡನೇ ವರ್ಷ. "ಮಾವ, ಲ್ಯಾಪ್‌ಟಾಪ್ ಎರಡು ಗಂಟೆನೂ ಬರಲ್ಲ, ಕರೆಂಟ್ ಹೋದ್ರೆ ಕೆಲಸ ಅಲ್ಲಿಗೇ ನಿಲ್ತು" ಅಂದಳು. ರಿಪೇರಿ ಅಂಗಡಿಯವರು ಬ್ಯಾಟರಿ ಹೋಗಿದೆ, ಅದಕ್ಕೆ ದುಡ್ಡು ಹಾಕೋ ಬದಲು ಹೊಸದೇ ತಗೊಳ್ಳಿ ಅಂದಿದ್ದರಂತೆ. ಅಕ್ಕ ಆಗಲೇ ದುಡ್ಡು ಹೊಂದಿಸುವ ಲೆಕ್ಕದಲ್ಲಿದ್ದಳು.

ನಾನು ನೋಡಿದಾಗ ಅಕ್ಕನ ಮಗಳು ಒಂದು ಸುದ್ದಿ ಸೈಟಿನಲ್ಲಿ ಲೇಖನ ತೆರೆದಿಟ್ಟುಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಅಷ್ಟೇ ಕೆಲಸ. ಫ್ಯಾನ್ ಮಾತ್ರ ಜೋರಾಗಿ ತಿರುಗುತ್ತಿತ್ತು. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಬ್ರೌಸರ್‌ನದ್ದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಆ ಟ್ಯಾಬ್‌ನ ಸಿಪಿಯು 90ರ ಆಸುಪಾಸಿನಲ್ಲಿತ್ತು, ಅಂದರೆ ಪ್ರೊಸೆಸರ್‌ನ ಒಂದು ಕೋರ್ (ಲೆಕ್ಕ ಮಾಡುವ ಒಂದು ಘಟಕ) ಹೆಚ್ಚುಕಮ್ಮಿ ಪೂರ್ತಿ ಆ ಒಂದು ಪುಟಕ್ಕೇ ದುಡಿಯುತ್ತಿತ್ತು. ಟ್ಯಾಬ್ ಮುಚ್ಚಿದೆವು. ಸ್ವಲ್ಪ ಹೊತ್ತಿಗೆ ಫ್ಯಾನ್ ಸುಮ್ಮನಾಯಿತು.

ಓದೋಕೆ ಇದ್ದದ್ದು ಎಂಟು ಹತ್ತು ಪ್ಯಾರಾ. ಅದರ ಸುತ್ತ ಏನೇನಿತ್ತು ಗೊತ್ತಾ? ಮೇಲೆ ತಾನಾಗೇ ಸರಿಯುವ ಚಿತ್ರಗಳು, ಮೂಲೆಯಲ್ಲಿ ಯಾರೂ ಕೇಳದ ವಿಡಿಯೋ, ಆಗಾಗ ಬದಲಾಗುವ ಜಾಹೀರಾತುಗಳು, ಜೊತೆಗೆ ನಾವು ಎಲ್ಲಿ ಕ್ಲಿಕ್ ಮಾಡಿದೆವು, ಎಷ್ಟು ಕೆಳಗೆ ಹೋದೆವು ಅಂತ ಲೆಕ್ಕ ಇಡುವ ಸ್ಕ್ರಿಪ್ಟ್‌ಗಳು, ಅಂದರೆ ಪುಟದೊಳಗೆ ಓಡುವ ಚಿಕ್ಕ ಪ್ರೋಗ್ರಾಂಗಳು. ಇವನ್ನೇ ಟ್ರ್ಯಾಕರ್ ಅನ್ನುತ್ತಾರೆ. ಪರದೆಯ ಮೇಲೆ ಏನಾದರೂ ಅಲುಗಾಡುತ್ತಿದ್ದರೆ ಸಾಮಾನ್ಯ ಲ್ಯಾಪ್‌ಟಾಪ್ ಅದನ್ನು ಸೆಕೆಂಡಿಗೆ 60 ಸಲದ ತನಕ ಮತ್ತೆ ಬರೆಯಬೇಕು. ನಾವು ಅದರ ಕಡೆ ಕಣ್ಣು ಹಾಯಿಸದಿದ್ದರೂ ಅದು ಬರೆಯುತ್ತಲೇ ಇರುತ್ತದೆ.

ಲೆಕ್ಕ ಸುಲಭ. 41 ವ್ಯಾಟ್-ಅವರ್ ಬ್ಯಾಟರಿ ಇದೆ ಅಂದುಕೊಳ್ಳಿ, ಅಂದರೆ 41 ವ್ಯಾಟ್‌ನಂತೆ ಎಳೆದರೆ ಒಂದು ಗಂಟೆ ಬರುವಂಥದ್ದು. ಲ್ಯಾಪ್‌ಟಾಪ್ 6 ವ್ಯಾಟ್ ಎಳೆದರೆ ಸುಮಾರು ಏಳು ಗಂಟೆ ಬರುತ್ತದೆ. 20 ವ್ಯಾಟ್ ಎಳೆದರೆ ಎರಡೇ ಗಂಟೆ. ಬ್ಯಾಟರಿ ಅದೇ, ಅದನ್ನು ಹೀರುವ ವೇಗ ಮಾತ್ರ ಬೇರೆ.

2017ರಲ್ಲಿ ಕಾಯಿನ್‌ಹೈವ್ ಅಂತ ಒಂದು ಸ್ಕ್ರಿಪ್ಟ್ ಬಂದಿತ್ತು. ಅದನ್ನು ಹಾಕಿದ ಸೈಟಿಗೆ ಹೋದವರ ಪ್ರೊಸೆಸರ್ ಬಳಸಿ ಮೊನೆರೋ ಅನ್ನುವ ಕ್ರಿಪ್ಟೋ ನಾಣ್ಯದ (ಕಂಪ್ಯೂಟರ್ ಲೆಕ್ಕಗಳಿಂದ ಹುಟ್ಟಿಸುವ ಡಿಜಿಟಲ್ ಹಣ) ಗಣಿಗಾರಿಕೆ ಮಾಡುತ್ತಿತ್ತು, ಎಷ್ಟೋ ಸೈಟುಗಳಲ್ಲಿ ಓದುಗರಿಗೆ ಹೇಳದೇ. ಇದು ಕಳ್ಳತನ ಅಂತ ಎಲ್ಲರೂ ಸಿಟ್ಟಾದರು. 2019ರ ಮಾರ್ಚ್‌ನಲ್ಲಿ ಅದು ಬಾಗಿಲು ಮುಚ್ಚಿತು. ಸಿಟ್ಟು ಸರಿಯಾದದ್ದೇ. ಆದರೆ ಸೋಮಾರಿತನದಿಂದ ಬರೆದ ಪುಟವೊಂದು ಅಷ್ಟೇ ಕರೆಂಟ್ ತಿಂದರೆ ನಾವ್ಯಾಕೆ ಸುಮ್ಮನಿರುತ್ತೇವೆ? ಖರ್ಚಾಗುವುದು ನಮ್ಮ ಬ್ಯಾಟರಿಯೇ ಅಲ್ವಾ? ಸೈಟಿನವರ ಲೆಕ್ಕದಲ್ಲಿ ಈ ಖರ್ಚು ಎಲ್ಲೂ ಬರುವುದಿಲ್ಲ. ಅದಕ್ಕೇ ಯಾರೂ ಸರಿ ಮಾಡುತ್ತಿಲ್ಲ ಅಂತ ನನಗೆ ಅನಿಸುತ್ತದೆ.

ಜಾಹೀರಾತು ಇಲ್ಲದೆ ಸೈಟು ನಡೆಯುವುದಿಲ್ಲ, ಒಪ್ಪುತ್ತೇನೆ. ಆದರೆ 2020ರಲ್ಲಿ ಗೂಗಲ್‌ನವರೇ ಹೇಳಿದ ಲೆಕ್ಕ ನೋಡಿ. ಒಟ್ಟು ಜಾಹೀರಾತುಗಳಲ್ಲಿ ಬರೀ 0.3% ಸೇರಿ ಜಾಹೀರಾತಿಗೆ ಹೋಗುವ ಪ್ರೊಸೆಸರ್ ಶಕ್ತಿಯಲ್ಲಿ 28% ತಿನ್ನುತ್ತಿದ್ದವು. ಅಂದರೆ ತೊಂದರೆ ಇರುವುದು ಜಾಹೀರಾತಿನಲ್ಲಲ್ಲ, ಅದನ್ನು ಮಾಡುವ ರೀತಿಯಲ್ಲಿ. ಅದೇ ವರ್ಷ ಕ್ರೋಮ್ ಅಂಥವನ್ನು ತಾನೇ ನಿಲ್ಲಿಸಲು ಶುರು ಮಾಡಿತು.

ಹಗುರ ಮಾಡೋಕೆ ಆಗಲ್ಲ ಅನ್ನುವವರಿಗೆ ಇನ್ನೊಂದು ವಿಷಯ. 2018ರ ಮೇ 25ರಂದು ಯುರೋಪಿನಲ್ಲಿ ಜನರ ಖಾಸಗಿ ಮಾಹಿತಿ ಕಾಪಾಡುವ ಜಿಡಿಪಿಆರ್ ಕಾನೂನು ಜಾರಿಗೆ ಬಂತು. ಆಗ ಅಮೆರಿಕದ ಯುಎಸ್‌ಎ ಟುಡೇ ಪತ್ರಿಕೆ ಯುರೋಪಿನ ಓದುಗರಿಗೆ ಅಂತ ಟ್ರ್ಯಾಕರ್‌ಗಳನ್ನು ತೆಗೆದು ಬೇರೆ ಪುಟ ಕೊಟ್ಟಿತು. ಸುಮಾರು 5 ಎಂಬಿ ಇದ್ದ ಮುಖಪುಟ 500 ಕೆಬಿ ಆಸುಪಾಸಿಗೆ ಇಳಿಯಿತು. ಸುದ್ದಿ ಅದೇ. ನಮ್ಮ ಕನ್ನಡ ವಿಕಿಪೀಡಿಯವನ್ನೇ ತೆರೆದು ನೋಡಿ, ಎಷ್ಟು ಉದ್ದದ ಲೇಖನವಾದರೂ ಒಮ್ಮೆ ಬಂದ ಮೇಲೆ ತಣ್ಣಗೆ ಕೂತಿರುತ್ತದೆ.

ಬೆಂಗಳೂರಲ್ಲಿ ವೆಬ್‌ಸೈಟ್ ಮಾಡುವ ಗೆಳೆಯರು ನನಗೆ ತುಂಬಾ ಜನ ಇದ್ದಾರೆ. ಅವರಿಗೊಂದು ಮಾತು. ನಿಮ್ಮ ಮೇಜಿನ ಮೇಲೆ 16 ಜಿಬಿ, 32 ಜಿಬಿ ರ‍್ಯಾಮ್ ಇರುವ ಹೊಸ ಮೆಷಿನ್ ಇರುತ್ತದೆ, ಚಾರ್ಜರ್ ಸದಾ ಸಿಕ್ಕಿಸಿರುತ್ತದೆ. ನೀವು ಮಾಡಿದ ಪುಟವನ್ನು 4 ಜಿಬಿ ರ‍್ಯಾಮ್‌ನ ಆರು ವರ್ಷದ ಲ್ಯಾಪ್‌ಟಾಪ್‌ನಲ್ಲಿ, ಚಾರ್ಜರ್ ತೆಗೆದು, ಹತ್ತು ನಿಮಿಷ ಹಾಗೇ ತೆರೆದಿಟ್ಟು ನೋಡಿ. ಅಪ್ಪ ಅಮ್ಮ ಸಾಲ ಮಾಡಿ ಕೊಡಿಸಿದ ಅಂಥ ಲ್ಯಾಪ್‌ಟಾಪ್‌ನಲ್ಲೇ ಎಷ್ಟೋ ಮಕ್ಕಳು ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಾರೆ, ರಿಸಲ್ಟ್ ನೋಡುತ್ತಾರೆ.

ಅಕ್ಕನ ಮಗಳ ಲ್ಯಾಪ್‌ಟಾಪಿಗೆ ನಾನು ಮಾಡಿದ್ದು ಇಷ್ಟು. ಫೈರ್‌ಫಾಕ್ಸ್ ಹಾಕಿ ಅದಕ್ಕೆ ಜಾಹೀರಾತು, ಟ್ರ್ಯಾಕರ್ ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿದೆ. ತಾನಾಗೇ ಓಡುವ ವಿಡಿಯೋಗಳನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿದೆ. ಉದ್ದದ ಲೇಖನ ಓದುವಾಗ ಎಫ್9 ಒತ್ತಿ ಲೇಖನವನ್ನಷ್ಟೇ ತೋರಿಸುವ ರೀಡರ್ ವ್ಯೂ ತೆರೆಯೋದು ಹೇಳಿಕೊಟ್ಟೆ. ಬ್ಯಾಟರಿ ಹಳೆಯದೇ.

ಮೊನ್ನೆ ಫೋನ್ ಮಾಡಿದ್ದಳು. ಮಧ್ಯಾಹ್ನ ಹೋದ ಕರೆಂಟ್ ಸಂಜೆ ಬಂತಂತೆ. ಅಷ್ಟರಲ್ಲಿ ಅಸೈನ್‌ಮೆಂಟ್ ಮುಗಿಸಿದ್ದಳು, ಇನ್ನೂ ಕಾಲು ಭಾಗ ಚಾರ್ಜ್ ಉಳಿದಿತ್ತು.