ಮಾವನ ಗನ್ನು

"ಮಾವ, ಗನ್ನಿನ ನಳಿಗೆ ಇನ್ನೆರಡು ಇಂಚು ಕುಯ್ದುಬಿಡೋಣ. ಗೇಣುದ್ದ ಉಳಿದರೆ ಸಾಕು, ಆಮೇಲೆ ಗುರಿ ತಪ್ಪೋ ಮಾತೇ ಇಲ್ಲ!"

ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವ ಬಸ್ಸಿನಲ್ಲಿ, ಎಂಜಿನ್ ಸದ್ದನ್ನು ಮೀರಿಸಿ ಫೋನಿನಲ್ಲಿ ನಾನು ಕಿರುಚಿದ ಮಾತಿದು. ಪಕ್ಕದಲ್ಲಿದ್ದ ಯಜಮಾನರು ಟವೆಲ್ ಕೊಡವಿಕೊಂಡು ಎದ್ದು, ಹಿಂದಿನ ಸೀಟಿನಲ್ಲಿ ಮೂರನೆಯವರಾಗಿ ಇರುಕಿಕೊಂಡರು. ಕಂಡಕ್ಟರು ನನ್ನ ಬಾಕಿ ಚಿಲ್ಲರೆ ಹನ್ನೊಂದು ರೂಪಾಯಿಯನ್ನು ಕೇಳದೆಯೇ ತಂದುಕೊಟ್ಟರು. ನನ್ನ ಬಸ್ ಪ್ರಯಾಣಗಳ ಚರಿತ್ರೆಯಲ್ಲಿ ಇದೇ ಮೊದಲು. ಅದು ಮಾವಿನ ಮರಕ್ಕೆ ಔಷಧಿ ಹೊಡೆಯುವ ಸ್ಪ್ರೇ ಗನ್ನು ಅಂತ ಎಲ್ಲರಿಗೂ ತಿಳಿಹೇಳುವ ಹೊತ್ತಿಗೆ ಡೂಂ ಲೈಟ್ ಸರ್ಕಲ್ ಬಂದಿತ್ತು. ಇಳಿದೆ. ಅರ್ಧ ಬಸ್ಸು ನಂಬಿರಲಿಲ್ಲ.

ಮಾವನದು ಮೂರೆಕರೆ ತೋಪು. ಒಂದಷ್ಟು ಬಾದಾಮಿ, ಒಂದಷ್ಟು ಬೇನಿಷಾ, ಮಿಕ್ಕಿದ್ದೆಲ್ಲ ತೋತಾಪುರಿ. ಹೂ ಬಿಡುವ ಕಾಲಕ್ಕೆ ಸರಿಯಾಗಿ ಜಿಗಿಹುಳು, ಅದರ ಬೆನ್ನಿಗೇ ಬೂದಿರೋಗ ಬರುವುದರಿಂದ ಗನ್ನು ಹಿಡಿಯದೆ ವಿಧಿಯಿಲ್ಲ. ಹೋದ ವರ್ಷ ಆ ಹಿತ್ತಾಳೆ ಗನ್ನಿನ ಮೂತಿಯ ಮೇಲೆ ಟ್ರಾಕ್ಟರ್ ಹತ್ತಿತು. ಹತ್ತಿಸಿದ್ದು ಮಾವನೇ. ಆದರೆ ಮನೆಯ ಅಧಿಕೃತ ಇತಿಹಾಸದಲ್ಲಿ ಟ್ರಾಕ್ಟರು 'ತಾನಾಗೇ ಉರುಳಿದ್ದು'. ಜಜ್ಜಿಹೋದ ಭಾಗವನ್ನು ಊರಿನಲ್ಲೇ ಯಾರಿಂದಲೋ ಕುಯ್ಸಿ, ಉಳಿದ ತುಂಡಿನ ತುದಿಗೆ ಹೊಸ ಥ್ರೆಡ್, ಅಂದರೆ ಸ್ಕ್ರೂವಿನಂಥ ಸುತ್ತುಗೆರೆ, ಹಾಕಿಸಿದರು. ಆ ಥ್ರೆಡ್ಡು ವಾರೆ. ನಾಜಲ್ ಕೂರಿಸಿದರೆ ಅದು ಮುನಿಸಿಕೊಂಡವರ ಹಾಗೆ ಎಡಕ್ಕೆ ಮುಖ ತಿರುಗಿಸುತ್ತಿತ್ತು. ಮಾವ ಒಂದು ಇಡೀ ಹೂವಿನ ಕಾಲ ಅದರಲ್ಲೇ ಹೊಡೆದರು.

"ಹೊಸದು ತಗೊಂಡ್ರೆ ಆಗಲ್ವೇನಪ್ಪಾ?" ಅಂತ ನನ್ನ ಹೆಂಡತಿ ಕೇಳಿದಳು.

"ಯಾಕಮ್ಮಾ ದುಡ್ಡು ದಂಡ? ಅಳಿಯಂದ್ರ ಮನೇಲಿ ಲೇತೇ ಐತಲ್ಲ!"

ಲೇತು ಇದೆ, ನಿಜ. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎರಡು ವರ್ಷದ ಹಿಂದೆ, ಮುಚ್ಚಿದ ವರ್ಕ್‌ಶಾಪೊಂದರಿಂದ ಹಳೇ ಲೇತ್, ಅಂದರೆ ಲೋಹ, ಮರವನ್ನು ತಿರುಗಿಸಿ ಕಡೆಯುವ ಯಂತ್ರ, ತಂದು ಮನೆ ಹಿಂದಿನ ಶೆಡ್ಡಿನಲ್ಲಿ ಕೂರಿಸಿದೆ. ಈವರೆಗಿನ ಉತ್ಪಾದನೆ: ಒಂದು ಬುಗುರಿ, ಒಂದು ಲಟ್ಟಣಿಗೆ. ಬುಗುರಿ ತಿರುಗುವುದಿಲ್ಲ, ಲಟ್ಟಣಿಗೆಯಲ್ಲಿ ಒತ್ತಿದ ಚಪಾತಿ ಆಂಧ್ರದ ಭೂಪಟ.

ನಳಿಗೆಯನ್ನು ಲೇತಿನ ಚಕ್ಕಿಗೆ, ಅಂದರೆ ಕೆಲಸದ ತುಂಡನ್ನು ಕಚ್ಚಿ ತಿರುಗಿಸುವ ದವಡೆಗೆ, ಕಚ್ಚಿಸಿ ಹೊಸ ಥ್ರೆಡ್ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ. ಮೂರು ದವಡೆಯ ಚಕ್ ಹಿಡಿಯುವುದು ಹೊರಮೈಯನ್ನು. ನೀರು ಹೋಗುವುದು ಒಳಗಿನ ತೂತಿನಲ್ಲಿ. ಈ ಪುಣ್ಯಾತ್ಮ ನಳಿಗೆಯಲ್ಲಿ ಹೊರಮೈಗೂ ಒಳತೂತಿಗೂ ಮಾತುಕತೆಯೇ ಇರಲಿಲ್ಲ. ತೂತು ಒಂದು ಪಕ್ಕಕ್ಕೆ ಸರಿದಿತ್ತು. ನಾಲ್ಕು ದವಡೆಯ ಚಕ್ಕಿನಲ್ಲಿ ಪಕ್ಕಕ್ಕೆ ಸರಿಸಬಹುದು, ಆದರೆ ಅದು ಹಿಡಿಯುವುದು ಒಂದೇ ಕಡೆ. ಮೂತಿ ಸೆಂಟ್ರಿಗೆ ಬಂದರೂ ಬಾಲ ವಾರೆಯಾಗಿಯೇ ಉಳಿಯುತ್ತದೆ. ನಮ್ಮ ರೋಗವೇ ವಾರೆ.

ಕೊನೆಗೆ ಕೆಜಿಎಫ್‌ನ ಅಣ್ಣನ ಹತ್ತಿರ ಓಡಿದೆ. 2001ರಲ್ಲಿ ಗಣಿ ಮುಚ್ಚುವವರೆಗೂ ಅದರ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದವರು. ಮೂರು ಕಿಲೋಮೀಟರಿಗೂ ಆಳಕ್ಕೆ ಮನುಷ್ಯರನ್ನು ಇಳಿಸುತ್ತಿದ್ದ ಗಣಿಗೆ ದುಡಿದ ಕೈ. ನನ್ನ ಗೇಣುದ್ದದ ಹಿತ್ತಾಳೆ ತುಂಡನ್ನು ಕಣ್ಣಿಗೆ ಹಿಡಿದು ನೋಡಿ, "ತಂಬಿ, ಇದಕ್ಕೆ ಎಂಟು ಬೋಲ್ಟಿನ ಪಂಜರ ಬೇಕು" ಅಂದರು.

ಪಂಜರ ಅಂದರೆ ಇಷ್ಟೇ: ದಪ್ಪ ಗೋಡೆಯ ಒಂದು ಕಬ್ಬಿಣದ ಪೈಪು. ಮುಂದೆ ನಾಲ್ಕು ಬೋಲ್ಟು, ಹಿಂದೆ ನಾಲ್ಕು. ನಳಿಗೆ ಅದರ ನಡುವೆ ತೇಲುತ್ತಿರುತ್ತದೆ, ಬೋಲ್ಟುಗಳನ್ನು ಬಿಗಿ ಸಡಿಲ ಮಾಡುತ್ತಾ ಬೇಕಾದ ಕಡೆಗೆ ವಾಲಿಸಬಹುದು. ಪಂಜರವನ್ನು ಚಕ್ಕಿನಲ್ಲಿ ಹಿಡಿದರಾಯಿತು. ಚಕ್ ಎಷ್ಟೇ ಸವೆದಿದ್ದರೂ ಚಿಂತೆಯಿಲ್ಲ.

ಪೈಪು ಗುಜರಿಯಲ್ಲಿ ಸಿಕ್ಕಿತು. ದುಂಡು ಪೈಪನ್ನು ಸರಿಯಾಗಿ ನಾಲ್ಕು ಭಾಗ ಮಾಡುವುದು ಹೇಗೆಂದು ನಾನು ಪ್ರೊಟ್ರ್ಯಾಕ್ಟರ್ ಹುಡುಕುತ್ತಿದ್ದರೆ, ಅಣ್ಣ ಪೇಪರಿನ ಪಟ್ಟಿಯೊಂದನ್ನು ಪೈಪಿಗೆ ಸುತ್ತಿ, ಒಂದು ಸುತ್ತಿನ ಅಳತೆಗೆ ಸರಿಯಾಗಿ ಹರಿದು, ನಾಲ್ಕಾಗಿ ಮಡಚಿ, ಮಡಿಕೆ ಬಿದ್ದಲ್ಲೆಲ್ಲ ಗುರುತು ಹಾಕಿದರು. 6.8 ಮಿಲಿಮೀಟರ್ ಡ್ರಿಲ್, ಆಮೇಲೆ ಎಂಟು ಮಿಲಿಮೀಟರಿನ ಬೋಲ್ಟಿಗೆ ತೂತಿನೊಳಗೆ ಥ್ರೆಡ್ ಕೊರೆಯುವ ಎಂ8 ಟ್ಯಾಪು. ಆರು ತೂತಿಗೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಾಯಿತು. ನನಗೆ ಜಂಬ ಬಂತು. ಏಳನೆಯದರಲ್ಲಿ ಟ್ಯಾಪು 'ಟಿಕ್' ಅಂದಿತು. ಮುರಿದ ಟ್ಯಾಪಿನ ತುಂಡು ಒಳಗೆ ಸಿಕ್ಕಿಕೊಂಡರೆ ಡ್ರಿಲ್ಲಿಗೂ ಜಗ್ಗುವುದಿಲ್ಲ, ಡ್ರಿಲ್ಲಿಗಿಂತ ಅದಕ್ಕೇ ಸೊಕ್ಕು. ಅಣ್ಣ ಸಣ್ಣ ಪಂಚ್ ಇಟ್ಟು ಅರ್ಧ ಗಂಟೆ ಕುಟ್ಟಿ ಚೂರು ಚೂರಾಗಿ ತೆಗೆದರು. ಅಷ್ಟೂ ಹೊತ್ತು ಒಂದೂ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೋಲ್ಟಿನ ತುದಿ ಹಿತ್ತಾಳೆಯನ್ನು ಕಚ್ಚದಿರಲೆಂದು ತಾಮ್ರದ ಚೂರು ಇಡಬೇಕಿತ್ತು. ಸುಟ್ಟ ಬೋರ್‌ವೆಲ್ ಮೋಟಾರಿಗೆ ಕೋಲಾರದಲ್ಲಿ ಬರವೇ? ಅದೊಂದು ಸುಲಭವಾಯಿತು.

ಇನ್ನು ಬೇಕಾಗಿದ್ದು ಪಪ್ಪಿ. ಒಳತೂತಿಗೆ ಕಡ್ಡಿ ತೂರಿಸಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಆಚೀಚೆಯಾದರೂ ಮುಳ್ಳು ಆಡಿಸಿ ತೋರಿಸುವ ಡಯಲ್ಲಿಗೆ ವರ್ಕ್‌ಶಾಪಿನವರೆಲ್ಲ ಹೇಳುವುದೇ ಪಪ್ಪಿ ಡಯಲ್ ಅಂತ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮನೆಗೆ ಫೋನ್ ಮಾಡಿ, "ಪಪ್ಪಿ ಸಿಕ್ತು! ಸೆಕೆಂಡ್ ಹ್ಯಾಂಡು, ಆದ್ರೆ ಚೆನ್ನಾಗಿದೆ. ಸಂಜೆ ತರ್ತೀನಿ" ಅಂದೆ. ಫೋನ್ ಎತ್ತಿದ್ದು ಮೂರನೇ ಕ್ಲಾಸಿನ ಮಗಳು ಅಂತ ಗೊತ್ತಾಗಲಿಲ್ಲ.

ಸಂಜೆ ಬಾಗಿಲಲ್ಲಿ ರಟ್ಟಿನ ಡಬ್ಬ, ಅದರೊಳಗೆ ನನ್ನದೇ ಟವೆಲ್ಲು, ಪಕ್ಕದಲ್ಲಿ ಬಟ್ಟಲು ಹಾಲು, ಸುತ್ತ ಬೀದಿಯ ಐದು ಮಕ್ಕಳು. ನಾನು ಜೇಬಿನಿಂದ ಪುಟ್ಟ ಪೆಟ್ಟಿಗೆ ತೆಗೆದಾಗ ಒಬ್ಬ ಹುಡುಗ, "ಅಯ್ಯೋ, ಉಸಿರು ಕಟ್ಟಲ್ವಾ ಅಂಕಲ್?" ಅಂದ. ಆಮೇಲಿನದನ್ನು ಬರೆಯುವುದು ಬೇಡ. "ಸೆಕೆಂಡ್ ಹ್ಯಾಂಡ್ ಪಪ್ಪಿ ಅಂದಾಗ್ಲೇ ನನಗೆ ಅನುಮಾನ ಬಂತು" ಅಂತ ಹೆಂಡತಿ ಒಳಗಿನಿಂದಲೇ ಹೇಳಿದಳು.

ಭಾನುವಾರ ಬೆಳಗ್ಗೆ ಕೆಲಸಕ್ಕೆ ಕೂತೆ. ನಳಿಗೆಯ ಮೂತಿಗೆ ಪಪ್ಪಿ ಇಟ್ಟು ಚಕ್ಕನ್ನು ಕೈಯಿಂದ ತಿರುಗಿಸಿದೆ. ಮುಳ್ಳು ಅಲ್ಲಾಡಲಿಲ್ಲ. ಇನ್ನೊಂದು ಸುತ್ತು. ಸೊನ್ನೆ! ಮೊದಲ ಪ್ರಯತ್ನಕ್ಕೇ! ಫೋಟೊ ತೆಗೆದು ಅಣ್ಣನಿಗೆ ಕಳಿಸುವಷ್ಟರಲ್ಲಿ, ಎರಡು ದಿನದಿಂದ ಮಾತು ಬಿಟ್ಟಿದ್ದ ಮಗಳು ಬಗ್ಗಿ ನೋಡಿ, "ಅಪ್ಪಾ, ಅದು ಮುಟ್ಟೇ ಇಲ್ಲ" ಅಂದಳು.

ಮುಟ್ಟಿಸಿದೆ. ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ 0.40 ಮಿಲಿಮೀಟರ್ ಹಾರಿತು. ಸರಿ, ಒಂದು ಬೋಲ್ಟು ಸಡಿಲಿಸಿ ಎದುರಿನದನ್ನು ಬಿಗಿದು, ನಳಿಗೆಯನ್ನು 0.40 ಸರಿಸಿದೆ. ಈಗಲೂ 0.40, ಆದರೆ ಎದುರು ಪಕ್ಕಕ್ಕೆ. ವಾಪಸ್ ಸರಿಸಿದೆ. ಮತ್ತೆ 0.40. ಊಟದ ಹೊತ್ತಿನವರೆಗೂ ನಳಿಗೆ ತವರಿಗೂ ಅತ್ತೆಮನೆಗೂ ಓಡಾಡಿತು. ಅಣ್ಣನಿಗೆ ಫೋನ್ ಮಾಡಿದರೆ, "ಅರ್ಧ ಸರಿಸಬೇಕು ತಂಬಿ. ಮುಳ್ಳು ತೋರಿಸೋದು ವ್ಯಾಸದ ಲೆಕ್ಕ, ನೀನು ಸರಿಸೋದು ತ್ರಿಜ್ಯದ ಲೆಕ್ಕ. ಇಸ್ಕೂಲಲ್ಲಿ ಏನು ಹೇಳ್ಕೊಡ್ತೀಯ ನೀನು?" ಅಂದರು. ವೃತ್ತದ ಪಾಠವನ್ನು ಹತ್ತನೇ ಕ್ಲಾಸಿಗೆ ನಾನು ಹದಿನೆಂಟು ವರ್ಷದಿಂದ ಮಾಡುತ್ತಿದ್ದೇನೆ.

ಮೂತಿ ದಾರಿಗೆ ಬಂತು. ಬಾಲಕ್ಕೆ ಏನು ಮಾಡುವುದು? ಪಪ್ಪಿಯ ಕಡ್ಡಿ ಅಷ್ಟು ಒಳಗೆ ಹೋಗದು. ಮನೆಯ ಕೆಟ್ಟ ಪ್ರಿಂಟರ್ ಬಿಚ್ಚಿ ಅದರೊಳಗಿನ ಉಕ್ಕಿನ ಸರಳು ತೆಗೆದೆ. ತೂತಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಹೊರಗೆ ಚಾಚಿದ ಸರಳನ್ನು ಮೂತಿಯ ಹತ್ತಿರ ಒಮ್ಮೆ, ದೂರದ ತುದಿಯಲ್ಲೊಮ್ಮೆ ಅಳೆದರೆ ವಾರೆ ಎಷ್ಟೆಂದು ತಿಳಿಯುತ್ತದೆ. ದೂರದ್ದಕ್ಕೆ ಹಿಂದಿನ ಬೋಲ್ಟು, ಹತ್ತಿರದ್ದಕ್ಕೆ ಮುಂದಿನದು. ಮುಂದಿನ ನಾಲ್ವರನ್ನು ಒಪ್ಪಿಸಿ ಹಿಂದಿನವರ ಹತ್ತಿರ ಹೋದರೆ ಮುಂದಿನವರು ಮಾತು ತಪ್ಪಿರುತ್ತಾರೆ. ಥೇಟ್ ಅಣ್ಣತಮ್ಮಂದಿರ ಭಾಗ ಪಂಚಾಯ್ತಿ. ಪ್ರತಿ ಸುತ್ತಿಗೂ ಜಗಳ ಒಂದಿಷ್ಟು ಇಳಿಯುತ್ತದೆ ಅನ್ನುವುದೊಂದೇ ಸಮಾಧಾನ. ರಾತ್ರಿ ಒಂಬತ್ತಕ್ಕೆ ಎರಡೂ ಕಡೆ ಮುಳ್ಳು 0.02ಕ್ಕಿಂತ ಹೆಚ್ಚು ಆಡಲಿಲ್ಲ. ಡೊಂಕು ಥ್ರೆಡ್ಡನ್ನು ಕುಯ್ದು ಬಿಸಾಡಿ, ಹೊರಮೈ ಸವರಿ, ಹೊಸ ಥ್ರೆಡ್ ಹಾಕಿದೆ. ನಾಜಲ್ ತಿರುಗಿಸಿದರೆ ನೆಟ್ಟಗೆ ಕೂತಿತು. ಮಗಳನ್ನು ಎಬ್ಬಿಸಿ ತೋರಿಸಿದೆ. "ಹ್ಞೂಂ" ಅಂದು ಮಲಗಿದಳು.

ಮುಂದಿನ ಭಾನುವಾರ ತೋಪಿನಲ್ಲಿ ಪರೀಕ್ಷೆ. ಔಷಧಿ ಬೇಡ, ಬರೀ ನೀರು ಸಾಕು ಅಂದೆ. ಸದ್ಯ ಆ ಬುದ್ಧಿ ಇತ್ತು. ಮಾವ ಗನ್ನು ಹಿಡಿದು ತೋತಾಪುರಿ ಮರದೆದುರು ಕಾಲಗಲಿಸಿ ನಿಂತರು. ಮರದ ಬಲಕ್ಕೆ ಹತ್ತಡಿ ದೂರದಲ್ಲಿ, ಇಸ್ತ್ರಿ ಅಂಗಿ ತೊಟ್ಟು, ಕೈಕಟ್ಟಿಕೊಂಡು ನಾನು. ಪಂಪು ಗುಡುಗಿತು. ಒಂದು ಇಡೀ ಹೂವಿನ ಕಾಲ ಎಡಕ್ಕೆ ಓಡುವ ನೀರನ್ನು ಮರಕ್ಕೆ ಮುಟ್ಟಿಸಲು ಬಲಕ್ಕೆ ಗುರಿಯಿಟ್ಟು ರೂಢಿಯಾಗಿದ್ದ ಮಾವನ ತೋಳು, ಅಭ್ಯಾಸ ಬಲದಿಂದ ಬಲಕ್ಕೆ ತಿರುಗಿತು. ನೀರು ದಾರ ಹಿಡಿದಷ್ಟು ನೇರವಾಗಿ, ನೂರನೇ ಒಂದು ಭಾಗವೂ ಅತ್ತಿತ್ತ ಅಲುಗದೆ ಬಂದು ನನ್ನ ಎದೆಗೆ ಬಡಿಯಿತು.

ಮಾವ ಪಂಪು ನಿಲ್ಲಿಸಿದರು. ಗನ್ನನ್ನೊಮ್ಮೆ ನೋಡಿದರು, ತೊಟ್ಟಿಕ್ಕುತ್ತಿದ್ದ ನನ್ನನ್ನೊಮ್ಮೆ ನೋಡಿದರು.

"ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಗನ್ನು ಇನ್ನೂ ಒಂಚೂರು ಡೊಂಕೈತೆ."