ಕಿಟಕಿ ಮುಚ್ಚಿ ಮಳೆ ಬಾಯಿಪಾಠ

ಧಾರವಾಡದ ಜಿಟಿಜಿಟಿ ಮಳೆ. ಪಕ್ಕದ ಮನೆಗೆ ಹೋಗಿದ್ದೆ. ಹತ್ತನೇ ಕ್ಲಾಸಿನ ಹುಡುಗಿ ದಡಕ್ಕನೆ ಎದ್ದು ಕಿಟಕಿ ಮುಚ್ಚಿದಳು.

'ಯಾಕವ್ವಾ?'

'ಮಳಿ ಸಪ್ಪಳಕ್ಕ ಓದಿದ್ದು ತಲಿಗೆ ಹೋಗವಲ್ದು ಕಾಕಾ.'

ಇಣುಕಿ ನೋಡಿದೆ. ಓದುತ್ತಿದ್ದದ್ದು ಇಂಗ್ಲಿಷ್ ಗೈಡಿನ ಪ್ರಬಂಧ, 'ಎ ರೇನಿ ಡೇ'. ಮಳೆಯ ವರ್ಣನೆ!

ಗೈಡಿನ ಮಳೆ ಬಲು ಶಿಸ್ತಿನದು. ಮೊದಲ ಸಾಲಿಗೆ ಮೋಡ, ಎರಡಕ್ಕೆ ಗುಡುಗು, ಮೂರಕ್ಕೆ ರೈತನ ಮುಖದಲ್ಲಿ ನಗು. ಆಮೇಲೆ ಕಾಗದದ ದೋಣಿ, ಅಮ್ಮ ಕೊಟ್ಟ ಬಿಸಿ ಸಮೋಸಾ, ಕೊನೆಗೆ ಕಾಮನಬಿಲ್ಲು. ನಮ್ಮೂರ ಮಳೆಗೆ ಇಷ್ಟು ಶಿಸ್ತೆಲ್ಲಿ? ಹಿಡಿದರೆ ಬಿಡುವುದಿಲ್ಲ, ಯೂನಿಫಾರ್ಮ್ ಒಣಗುವುದಿಲ್ಲ.

'ನಿಮ್ಮವ್ವ ಸಮೋಸಾ ಯಾವಾಗ ಮಾಡಿದ್ಲು?'

'ಇಲ್ಲ ಕಾಕಾ, ಮಿರ್ಚಿ, ಗಿರ್ಮಿಟ್ಟು. ಹಂಗ ಬರೀಲೇನ್ರಿ ಅಂತ ಟ್ಯೂಷನ್ ಸರ್‌ಗೆ ಕೇಳಿದ್ದೆ. ಗಿರ್ಮಿಟ್ ಅಂದ್ರ ಪೇಪರ್ ತಿದ್ದೋರಿಗೆ ತಿಳಿಯಂಗಿಲ್ಲ, ಸಮೋಸಾನ ಇರ್ಲಿ ಅಂದ್ರು.'

ಸಮೋಸಾ ಯಾವಾಗ ಇಂಗ್ಲಿಷ್ ತಿಂಡಿ ಆಯಿತೋ!

ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಚಿತ್ರ ನೋಡಿ ಬರೆಯುವುದೂ ಇದೆ. ಅಲ್ಲಾದರೂ ಕಣ್ಣು ಬಿಡಬೇಕು, ಅಲ್ವಾ? ಬೇಕಿಲ್ಲ. ಸಾಲು ಸಿದ್ಧ: 'ದಿಸ್ ಈಸ್ ಎ ಬ್ಯೂಟಿಫುಲ್ ಪಿಕ್ಚರ್. ದೇರ್ ಆರ್ ಮೆನಿ ಪೀಪಲ್. ದೇ ಆರ್ ವೆರಿ ಹ್ಯಾಪಿ.' ಟ್ಯೂಷನ್ ಟೆಸ್ಟಿಗೆ ಬಂದದ್ದು ಬಸ್ ಆ್ಯಕ್ಸಿಡೆಂಟಿನ ಚಿತ್ರ. ಇಡೀ ಬ್ಯಾಚ್ 'ವೆರಿ ಹ್ಯಾಪಿ' ಅಂತಲೇ ಬರೆದಿತ್ತು. ಬೈಗುಳ ತಿಂದವನು ಒಬ್ಬನೇ. ಅವನು 'ಪೀಪಲ್ ಈಸ್ ಹ್ಯಾಪಿ' ಅಂದಿದ್ದ.

ಇನ್ನು ಗ್ರಾಮರ್. 'ನಾನು ಪೇಡೆ ತಿಂದೆ' ಅನ್ನುವುದನ್ನು ಪ್ಯಾಸಿವ್ ವಾಯ್ಸಿಗೆ ತಿರುಗಿಸಬೇಕು. 'ಪೇಡೆ ನನ್ನಿಂದ ತಿನ್ನಲ್ಪಟ್ಟಿತು.' ಲೈನ್ ಬಜಾರಿನಲ್ಲಿ ನಿಂತು ಹೀಗಂದು ನೋಡಿ, ಪೇಡೆಯವನು ತಕ್ಕಡಿ ಕೆಳಗಿಡುತ್ತಾನೆ. ಹಾಗಂತ ಪ್ಯಾಸಿವ್ ಸುಮ್ನೆ ಇಲ್ಲ. ಮಾಡಿದವನ ಹೆಸರು ಹೇಳಬಾರದು ಅಂದಾಗ ಅದು ಬೇಕೇ ಬೇಕು. 'ರಸ್ತೆ ಅಗೆಯಲಾಗಿದೆ.' ಯಾರು ಅಗೆದರು? ನಮ್ಮ ಅವಳಿ ನಗರದ ಕಚೇರಿಗಳಿಗೆ ಈ ಪಾಠ ಟ್ಯೂಷನ್ ಇಲ್ಲದೇ ಬರುತ್ತದೆ.

ಕನ್ನಡದಲ್ಲಿ 'ಎ', 'ಆ್ಯನ್' ಇಲ್ಲ, ಹಾಗಾಗಿ ಮಕ್ಕಳು ಎಡವುವುದು ಜಾಸ್ತಿ ಅಲ್ಲೇ. 'ಆ್ಯನ್ ಅವರ್', ಆದರೆ 'ಎ ಯೂನಿವರ್ಸಿಟಿ'. ಬರೆದ ಅಕ್ಷರ ಲೆಕ್ಕಕ್ಕಿಲ್ಲ, ಕಿವಿಗೆ ಬಿದ್ದ ಸದ್ದೇ ಲೆಕ್ಕ. ಎರಡು ನಿಮಿಷದ ಮಾತು. ಆದರೆ ಕಿವಿ ಬಳಸು ಅಂದರೆ ಕಿಟಕಿ ತೆಗೆಯಬೇಕಾಗುತ್ತದಲ್ಲ! ಸವಣೂರಿನ ವಿ.ಕೃ. ಗೋಕಾಕರು ಇಂಗ್ಲಿಷ್ ಕಲಿಯಲು ಆಕ್ಸ್‌ಫರ್ಡ್‌ವರೆಗೆ ಹೋದರು. ಪಾಪ, ಆಗ ಈ ಗೈಡ್ ಇರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಸುಟ್ಟ ವಾಸನೆ. 'ಅಯ್ಯ, ನನ್ನ ಸಾಕ್ಸ್!' ಹುಡುಗಿ ಓಡಿದಳು. ನಾಳೆ ಶಾಲೆಗೆ ಬೇಕಲ್ಲ ಅಂತ ಹಂಚಿನ ಮೇಲೆ ಒಣಗಲು ಇಟ್ಟಿದ್ದಳಂತೆ. ಹಿಮ್ಮಡಿಯ ಹತ್ತಿರ ರೂಪಾಯಿಯಷ್ಟು ತೂತು. ಅದನ್ನು ಕೈಯಲ್ಲಿ ಹಿಡಿದೇ ಬಂದು ಕೂತಳು.

'ಎಲ್ಲಿಗೆ ಬಂದಿದ್ದೆ ಕಾಕಾ?'

'ಸಮೋಸಾಕ್ಕ' ಅಂದೆ.