ಮಳೆದೂತನಿಗೊಂದು ಸ್ಟ್ಯಾಂಡ್

ಈ ಸಲ ನಮ್ಮ ಮನೆಯ ದಸರಾ ಗೊಂಬೆಗಳ ಜೊತೆ ಒಬ್ಬ ಅಮೆರಿಕದ ಅತಿಥಿ ನಿಂತಿದ್ದ. ಪಟ್ಟದ ಗೊಂಬೆಗಳಿಗಿಂತ ಮೂರು ಮೆಟ್ಟಿಲು ಕೆಳಗೆ, ಶೆಟ್ಟರ ಅಂಗಡಿಯ ಪಕ್ಕ. ಫೀನಿಕ್ಸ್‌ನಲ್ಲಿರುವ ಭಾವಮೈದುನ ತಂದುಕೊಟ್ಟದ್ದು. "ಭಾವ, ಇದು ಕಚಿನಾ. ಅರಿಝೋನಾದ ಹೋಪಿ ಜನರ ದೇವರು. ಪಕ್ಕಾ ಒರಿಜಿನಲ್" ಎಂದ. ಬುಡ ತಿರುಗಿಸಿ ನೋಡಿದೆ. 'ಹೋಪಿ ಸ್ಟೈಲ್' ಅಂತ ಚೀಟಿ.

ಸ್ಟೈಲ್! ಮದುವೆ ಮನೆಯಲ್ಲಿ 'ವರನ ಸ್ಟೈಲ್ ಹುಡುಗ' ಬಂದ ಹಾಗಾಯಿತು. ಹೋಪಿಗಳಂಥ ಮೂಲನಿವಾಸಿಗಳು ಮಾಡದ್ದನ್ನು ಅವರೇ ಮಾಡಿದ್ದು ಅಂತ ಮಾರಿದರೆ ಅಮೆರಿಕದಲ್ಲಿ 5 ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. 1990ರ ಕಾನೂನು. ಆ ಭಯಕ್ಕೇ ಚೀಟಿ ಬರೆದವನು ಈ ಒಂದು ಪದ ಸೇರಿಸಿರಬೇಕು ಅಂತ ನನ್ನ ಊಹೆ. ಎಷ್ಟು ಪ್ರಾಮಾಣಿಕ ಮನುಷ್ಯ, ಅಲ್ವಾ?

ಹೋಪಿ ಭಾಷೆಯಲ್ಲಿ 'ಚ' ಇಲ್ಲ. ಅವರು ಹೇಳುವುದು ಕತ್ಸಿನಾ. ಈ ಕತ್ಸಿನಾಗಳು ನಾವು ಅಂದುಕೊಳ್ಳುವಂಥ ದೇವರೂ ಅಲ್ಲ. ಮಳೆ ತರುವ, ಮೆಕ್ಕೆಜೋಳ ಬೆಳೆಸುವ ದೂತರು. ಗೊಂಬೆಗೆ ಬೇರೆಯೇ ಹೆಸರಿದೆ, ಟಿಹು. ಕತ್ಸಿನಾಗಳ ಕುಣಿತದ ದಿನ ಇದನ್ನು ಹೆಣ್ಣುಮಕ್ಕಳ ಕೈಗೆ ಕೊಡುತ್ತಾರೆ. ಆಮೇಲೆ ಅದನ್ನು ಮನೆಯ ಗೋಡೆಗೆ ದಾರ ಕಟ್ಟಿ ತೂಗುಹಾಕುತ್ತಾರೆ. ಅಂದರೆ ಅದು ನಿಲ್ಲಬೇಕಾದ ಗೊಂಬೆಯೇ ಅಲ್ಲ.

ಆದರೆ ಕೊಳ್ಳುವವರ ಮನೆಯಲ್ಲಿ ಶೋಕೇಸ್ ಇದೆ. ಶೋಕೇಸಿನಲ್ಲಿ ನಿಲ್ಲದೆ ಬಿದ್ದುಹೋದರೆ ಹೇಗೆ? ಹಾಗಾಗಿ ಮಳೆದೂತನ ಕಾಲಡಿಗೆ ಒಂದು ಪೀಠ ಬಂತು. ಪೀಠವನ್ನು ಬೇರೆ ಅಂಟಿಸಿದರೆ ಆಗದು. ತಲೆಯಿಂದ ಪೀಠದವರೆಗೆ ಮರದ ಒಂದೇ ಬೇರಿನಲ್ಲಿ ಕೆತ್ತಿದ್ದಕ್ಕೆ ರೇಟು ಜಾಸ್ತಿ.

ಗರಿಯ ಕಥೆ ಇನ್ನೂ ಚೆಂದ. ಮೊದಲು ನಿಜವಾದ ಗರಿ ಸಿಕ್ಕಿಸುತ್ತಿದ್ದರು. ಹದ್ದಿನ ಗರಿ, ವಲಸೆ ಹಕ್ಕಿಯ ಗರಿ ಮಾರುವ ಹಾಗಿಲ್ಲ ಅಂತ ಕಾನೂನು ಹೇಳಿತು. ಸರಿ, ಹಕ್ಕಿ ಉಳಿಯಲಿ. ಕೆತ್ತುವವರು ಮರದಲ್ಲೇ ಗರಿ ಕೆತ್ತತೊಡಗಿದರು. ಬಿಸಿ ಮೊನೆಯಿಂದ ಸುಟ್ಟು ಒಂದೊಂದೇ ಎಳೆ ಮೂಡಿಸುತ್ತಾರೆ. ಈಗ ನೋಡುವವರು ಬಾಯಿ ತೆರೆದು ಹೊಗಳುವುದು ಅದನ್ನೇ. "ಆಹಾ, ನಿಜವಾದ ಗರಿಯ ಹಾಗೇ ಇದೆಯಲ್ಲ!" ಹೌದು ಸ್ವಾಮಿ, ನಿಜವಾದದ್ದೇ ಇತ್ತು.

ಇನ್ನು ಬೇರು. ಕಾಟನ್‌ವುಡ್ ಮರದ ಒಣಗಿದ ಬೇರೇ ಆಗಬೇಕು. ಹಗುರ, ಮೆತ್ತಗೆ, ನೀರು ಹುಡುಕಿಕೊಂಡು ಹೋಗುವ ಬೇರು. ಮಳೆದೂತನಿಗೆ ಅದಕ್ಕಿಂತ ಒಳ್ಳೆಯ ಮೈ ಸಿಕ್ಕೀತೇ? ಹಿಂದೆ ಪ್ರವಾಹ ಬಂದರೆ ಹಳ್ಳದ ದಡಕ್ಕೆ ತೇಲಿಬರುತ್ತಿತ್ತು. ನದಿಗಳಿಗೆ ಅಣೆಕಟ್ಟು ಬಂದವು, ಪ್ರವಾಹ ತಗ್ಗಿತು, ಬೇರೂ ಕಮ್ಮಿಯಾಯಿತು. ಈಗ ಎಷ್ಟೋ ಜನ ಬೇರನ್ನು ದುಡ್ಡು ಕೊಟ್ಟು ತರುತ್ತಾರೆ. ಹೊಳೆ ಬಿಟ್ಟಿಯಾಗಿ ಕೊಡುತ್ತಿದ್ದದ್ದಕ್ಕೂ ಚೌಕಾಶಿ.

ಈ ಕತ್ಸಿನಾಗಳು ಜುಲೈನ ಕೊನೆಯ ಕುಣಿತ ಮುಗಿಸಿ ತಮ್ಮ ಮನೆಗೆ ಹೋಗುತ್ತಾರೆ. ಮನೆ ಇರುವುದು ಅರಿಝೋನಾದ ಫ್ಲ್ಯಾಗ್‌ಸ್ಟಾಫ್ ಊರಿನ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋ ಶಿಖರಗಳಲ್ಲಿ. ಅಲ್ಲೇ ಒಂದು ಸ್ಕೀ ರೆಸಾರ್ಟ್ ಇದೆ, ಅರಿಝೋನಾ ಸ್ನೋಬೌಲ್. ಹಿಮ ಸಾಲದು ಅಂತ ಅವರು ಊರಿನ ಚರಂಡಿ ನೀರನ್ನು ಶುದ್ಧಮಾಡಿ, ಅದರಿಂದ ಹಿಮ ತಯಾರಿಸಿ ಬೆಟ್ಟಕ್ಕೆ ಸುರಿಯುತ್ತೇವೆ ಎಂದರು. ಹೋಪಿಗಳೂ, ಇನ್ನೊಂದು ಮೂಲನಿವಾಸಿ ಬುಡಕಟ್ಟಾದ ನವಾಹೋಗಳೂ, ಇನ್ನೂ ಹಲವರೂ ಕೋರ್ಟಿಗೆ ಹೋದರು. 2008ರಲ್ಲಿ ಮೇಲ್ಮನವಿ ಕೋರ್ಟು ಹೇಳಿದ್ದಿಷ್ಟು: ಗಿಡಕ್ಕೆ, ಬುಗ್ಗೆಗೆ, ಪೂಜೆಯ ಜಾಗಕ್ಕೆ ಏನೂ ಆಗುವುದಿಲ್ಲ, ಆಗುವುದೆಲ್ಲ ನಿಮ್ಮ ಮನಸ್ಸಿನೊಳಗಿನ ಭಕ್ತಿಯ ಅನುಭವಕ್ಕೆ ಮಾತ್ರ. ನಮ್ಮ ಬೀದಿಯ ಗುಡಿ ಗೋಪುರದ ಮೇಲೆ ಯಾರಾದರೂ ಒಂದು ಟ್ಯಾಂಕರ್ ಅಂಥ ನೀರು ಬಿಟ್ಟು ಈ ಮಾತು ಹೇಳಲಿ, ನೋಡೋಣ.

2012ರ ಡಿಸೆಂಬರಿನಲ್ಲಿ ಯಂತ್ರ ಚಾಲೂ ಆಯಿತು. ಮೊದಲು ಬಿದ್ದ ಹಿಮ ಹಳದಿ. ನಾನು ಸೇರಿಸಿದ್ದಲ್ಲ, ನಿಜವಾಗಿಯೂ ಹಳದಿ! ಹೊಸ ಪೈಪಿನ ತುಕ್ಕು ಅಂತ ರೆಸಾರ್ಟಿನವರು ವಿವರಣೆ ಕೊಟ್ಟರು. ನಂಬೋಣ.

ನಗು ಬರುವುದು ಇಲ್ಲಿಯವರೆಗೆ ಮಾತ್ರ. ಇದೇ ಹೋಪಿ, ನವಾಹೋ ನೆಲದ ಕೆಳಗಿನ ಕುಡಿಯುವ ನೀರನ್ನು ಕಲ್ಲಿದ್ದಲು ಗಣಿಯವರು 2005ರವರೆಗೆ ಮೇಲೆತ್ತಿ, ಕಲ್ಲಿದ್ದಲ ಪುಡಿಗೆ ಕಲೆಸಿ, 273 ಮೈಲಿ ಪೈಪಿನಲ್ಲಿ ನೆವಾಡಾದ ವಿದ್ಯುತ್ ಸ್ಥಾವರಕ್ಕೆ ದಬ್ಬಿದರು. ಮಳೆಯನ್ನೇ ನಂಬಿ ಮರಳಲ್ಲಿ ಮೆಕ್ಕೆಜೋಳ ಬಿತ್ತುವ ಜನರ ನೀರು ಅದು. ಕಲ್ಲಿದ್ದಲಿಗೆ ಕುಡಿಯುವ ನೀರು, ಮಳೆದೂತನ ಮನೆಗೆ ಚರಂಡಿ ನೀರು. ಇದಕ್ಕೆ ಏನು ತಮಾಷೆ ಬರೆಯುವುದು? ಸಾಕಾಗಿದೆ.

ಗೊಂಬೆ ಮಾತ್ರ ಎಲ್ಲರಿಗೂ ಬೇಕು. ನನಗೂ ಬೇಕಾಗಿತ್ತಲ್ಲ! ನಕಲಿ ಅಂತ ಗೊತ್ತಾದ ಮೇಲೂ ಮೆಟ್ಟಿಲಿನಿಂದ ಇಳಿಸಲಿಲ್ಲ. ಬಂದವರೆಲ್ಲ "ಚೆನ್ನಾಗಿದೆ ಕಣ್ರೀ" ಅಂದಾಗ ಕಡಲೆಕಾಳು ಉಸಲಿ ಕೊಟ್ಟು ಸುಮ್ನೆ ನಕ್ಕೆ.

ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದೆವು. "ರೀ, ಇವನನ್ನೂ ಮಲಗಿಸಿ, ಪಾಪ, ಒಂಬತ್ತು ದಿನದಿಂದ ನಿಂತಿದ್ದಾನೆ" ಎಂದಳು ಹೆಂಡತಿ. ಮಲಗಿಸಲು ಹೋದೆ. ಪೀಠ ಅಡ್ಡ ಬಂತು.